ಹನುಮಕ್ಕನ ಊಜಿ ಮಡಕೆ

ಹೋದ ತಿಂಗಳು ರಾಯದುರ್ಗದಲ್ಲಿ ನಮ್ಮಣ್ಣನ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಬಳ್ಳಾರಿಯಲ್ಲಿ ವಾಷಿಂಗ್ ಆಗಿ ಬಂದ ಪ್ಯಾಂಟುಗಳ ಮೂಟೆಯನ್ನು ಅತ್ತಿಗೆ ಬಿಚ್ಚಿದಳು. ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. "ತಲಿ ನೋಯ್ತದ ನೋಡವ್ವ ಈ ವಾಸ್ನಿಗೆ" ಎಂದು ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ತಲೆ ನೋಯಲಿಲ್ಲ. ಹನುಮಕ್ಕನ ರೇಷ್ಮೆ ಹುಳು ಮನೆ ಕಣ್ಣ ಮುಂದೆ ಬಂದು ನಿಂತಿತು. ಸುಣ್ಣ, ಬ್ಲೀಚಿಂಗು, ಹೆಚ್ಚಿದ ಸೊಪ್ಪು, ಹುಳು ಮೇಯುವ ಸರಸರ ಸದ್ದು. ಆ ಮೂಲೆಯಲ್ಲಿ ಸೊಳ್ಳೆ ಪರದೆಯ ಚೂರು ಕಟ್ಟಿದ ಒಂದು ಮಡಕೆ.

"ನಾಳಿ ಮಡಕಶಿರಾಕ್ಕ ಹೋಗಿಬರ್ತೀನಿ" ಎಂದೆ.

"ಯಾಕ? ಅಲ್ಲೇನೈತಿ ಈಗ?" ಎಂದ ಅಣ್ಣ.

"ಒಬ್ಬರಿಗೆ ಒಂದು ಮಾತು ಹೇಳೋದು ಉಳದೈತಿ."

ಅಣ್ಣ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ. ಹದಿನೈದು ವರ್ಷ ಹೇಳದೆ ಇಟ್ಟುಕೊಂಡ ಮಾತು ಎಂದಿದ್ದರೆ ನಗುತ್ತಿದ್ದನೇನೋ. ಅದಕ್ಕೇ ಹೇಳಲಿಲ್ಲ.

ನಾನು ರೇಷ್ಮೆ ಓದಿದ್ದೇ ಜೀನ್ಸ್ ಮಿಷಿನ್ನಿನಿಂದ ತಪ್ಪಿಸಿಕೊಳ್ಳುವುದಕ್ಕೆ. ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ಕಾಲು ನೆಲ ಮುಟ್ಟಿದ ಕೂಡಲೇ ಪೆಡಲ್ ತುಳಿದವರು. ನಾನು ಹಟ ಹಿಡಿದು ಕಾಲೇಜಿಗೆ ಹೋದೆ, ಡಿಗ್ರಿ ತಂದೆ. ರೇಷ್ಮೆ ಇಲಾಖೆಯವರು ಒಂದು ವರ್ಷದ ಕಾಂಟ್ರಾಕ್ಟ್ ಮೇಲೆ ಮಡಕಶಿರಾ ಕಡೆ ಫೀಲ್ಡ್ ಕೆಲಸಕ್ಕೆ ಹಾಕಿದರು. ಆಗಿನ್ನೂ ಎರಡೂ ಊರು ಒಂದೇ ಜಿಲ್ಲೆಯಲ್ಲಿದ್ದವು. ಹೆಸರಿಗೆ ಒಂದೇ ಜಿಲ್ಲೆ, ಹೋಗಬೇಕಾದರೆ ಕಲ್ಯಾಣದುರ್ಗ, ಪಾವಗಡ ಎಲ್ಲ ಹಾದು ಅರ್ಧ ದಿನ ಬಸ್ಸು. ಅಗಳಿಯಿಂದ ಆಟೋ ಹಿಡಿದು ಹೋಗುವ ಒಂದು ಊರು ನನ್ನ ಪಾಲಿಗೆ ಬಂತು. ಹೋಗಿ ನೋಡಿದರೆ ಏನು? ನಾನು ಯಾವ ಮಿಷಿನ್ನಿನಿಂದ ಓಡಿ ಬಂದಿದ್ದೆನೋ ಆ ಊರಿನ ಹುಡುಗಿಯರೆಲ್ಲ ಅದೇ ಮಿಷಿನ್ನಿಗೆ ಬೆಂಗಳೂರಿಗೆ ಓಡುತ್ತಿದ್ದರು. ಅಗಳಿ, ರೊಳ್ಳದ ಕಡೆಯ ಮನೆಮನೆಯಿಂದ ಒಬ್ಬಳಾದರೂ ಗಾರ್ಮೆಂಟ್ಸಿನಲ್ಲಿ. ಹಬ್ಬಕ್ಕೆ ಬಂದವರು ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮೊದಲ ಬಸ್ಸಿನಲ್ಲಿ ವಾಪಸು. ಆ ಬಸ್ಸಿನ ತುಂಬ ಒದ್ದೆ ಕೂದಲು, ಚಟ್ನಿಪುಡಿಯ ಡಬ್ಬಿ, ಕನಕಾಂಬರ.

ಹನುಮಕ್ಕನ ಪರಿಚಯ ಮೊದಲ ವಾರವೇ ಆಯಿತು. ಐವತ್ತರ ಆಸುಪಾಸಿನ ಹೆಂಗಸು, ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಂದೂವರೆ ಎಕರೆ ಹಿಪ್ಪುನೇರಳೆ ಸೊಪ್ಪು, ಹೆಂಚಿನ ಹುಳು ಮನೆ, ಒಬ್ಬಳೇ ಮಗಳು. ನನ್ನ ರಾಯದುರ್ಗದ ಮಾತು ಕೇಳಿದರೆ ಅವಳಿಗೆ ನಗುವೋ ನಗು.

"ನೀನು ಬರ್ರಿ, ಕುಂದರ್ರಿ ಅಂದ್ರೆ ನನ್ನ ಇಂದೆ ಇನ್ಯಾರೋ ನಿಂತವ್ರೆ ಅಂತ ತಿರುಗಿ ನೋಡ್ತೀನಿ ಕಣಮ್ಮ. ನಾನೊಬ್ಳೇ ಇರೋದು. ಬಾ, ಕುಂತ್ಕ ಅನ್ನು, ಸಾಕು."

"ದೊಡ್ಡವರಿಗೆ ಹಂಗ ಅನ್ನಾಕ ಬರಾಂಗಿಲ್ರಿ ನಮಗ" ಎಂದರೆ ಇನ್ನೂ ನಗುತ್ತಿದ್ದಳು.

ಅವತ್ತೇ ಹುಳು ಮನೆಯ ಮೂಲೆಯಲ್ಲಿ, ಸ್ಟ್ಯಾಂಡಿನ ಕೆಳಗೆ, ಮಣ್ಣಿನ ಮಡಕೆ ಕಂಡೆ. ಬಾಯಿಗೆ ಹಳೆಯ ಸೊಳ್ಳೆ ಪರದೆಯ ಚೂರು, ಸುತ್ತ ಹುರಿ. ಇದೇನ್ರಿ ಎಂದು ಕೇಳಿದೆ. "ಅದ್ನ ಮುಟ್ಬೇಡ. ಅದ್ರಾಗೆ ನೆಲ ಕಾಯೋಳು ಅವ್ಳೆ" ಎಂದಳು. ಯಾವುದೋ ಮನೆದೇವತೆ ಇರಬೇಕು ಎಂದುಕೊಂಡು ಕೈ ಮುಗಿದೆ. ಹನುಮಕ್ಕ ಅದಕ್ಕೂ ಏನೂ ಹೇಳದೆ ಸುಮ್ಮನಿದ್ದಳು. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಹನುಮಕ್ಕ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ರೇಷ್ಮೆ ಮೊಟ್ಟೆ ಆಗಲೇ ತಂದಾಗಿತ್ತು, ಒಡೆದು ಹುಳು ಬಂದಿದ್ದವು. ಸುದ್ದಿ ಕೇಳಿ ಮಗಳು ಸುಜಾತ ಬೆಂಗಳೂರಿನಿಂದ ಬಂದಳು. ನಾಲ್ಕು ವರ್ಷದಿಂದ ಶರ್ಟಿನ ಕಾಲರ್ ಹೊಲಿಯುತ್ತಿದ್ದವಳು. ಎರಡು ತಿಂಗಳು ರಜೆ ಕೇಳಿ ಬಂದಿದ್ದಳು. ಅದರಾಚೆ ಒಂದು ದಿನ ಹೆಚ್ಚಾದರೂ ಅವಳ ಮಿಷಿನ್ನಿಗೆ ಬೇರೆಯವಳು ಕೂರುತ್ತಾಳೆ ಎಂದು ಸೂಪರ್‌ವೈಸರ್ ಹೇಳಿ ಕಳಿಸಿದ್ದ.

ಸುಜಾತ ನನಗಿಂತ ಎರಡು ವರ್ಷ ಚಿಕ್ಕವಳು. ಮೊದಲ ದಿನವೇ ಗೆಳತಿಯಾದಳು. ಅವಳ ಕೈಯಲ್ಲಿ ಬಟ್ಟೆಯ ಚೂರು ಸುಮ್ಮನೆ ಇರುತ್ತಿರಲಿಲ್ಲ. ಬೋಸಿ ಒರೆಸಿದ ಮಸಿ ಅರಿವೆಯನ್ನೂ ನಾಲ್ಕು ಮಡಿಕೆ ಮಾಡಿ, ಅಂಚು ಸರಿಯಾಗಿ ಜೋಡಿಸಿ ಇಡುತ್ತಿದ್ದಳು. "ಇದೇನ ಅಂಗ್ಡಿಗೆ ಕಳಿಸ್ತೀಯೇನೆ?" ಎಂದು ಹನುಮಕ್ಕ ರೇಗಿಸುತ್ತಿದ್ದಳು. ಹುಳು ಮನೆಯ ಕಿಟಕಿ ಬಾಗಿಲಿಗೆಲ್ಲ ಊಜಿ ನೊಣ ಬರದಂತೆ ನೈಲಾನ್ ಪರದೆ ಹೊಲಿದದ್ದೂ ಅವಳೇ. ಅಂಥ ಹೊಲಿಗೆಯನ್ನು ನಮ್ಮ ಆಫೀಸಿನ ಫೋಟೋಗಳಲ್ಲಿಯೂ ನಾನು ನೋಡಿರಲಿಲ್ಲ.

ಮೂರನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಹುಳು ಎದ್ದ ದಿನ ಸೊಪ್ಪು ಹಾಕುತ್ತ ಸುಜಾತ ಮೆಲ್ಲಗೆ ಹೇಳಿದಳು. "ಮೇಡಮ್ಮ, ನಂಗೆ ವಾಪಸ್ ಹೋಗೋಕೆ ಇಷ್ಟ ಇಲ್ಲ. ಈ ಬೆಳೆ ಚೆನ್ನಾಗ್ ಬಂದ್ರೆ ಇಲ್ಲೇ ಇರ್ತೀನಿ ಅಂತ ಅಮ್ಮಂಗೆ ಹೇಳ್ಬೇಕು."

"ಹೇಳಬೇಕಲ್ಲ ಮತ್ತ, ಯಾಕ ಸುಮ್ನಿದ್ದಿ?"

"ಅಮ್ಮ ಒಪ್ಪಲ್ಲ. ತಿಂಗ್ಳಿಗೊಂದು ಸಲ ನೊಣದ ಕೈಲಿ ಜೀವ ಕೊಡೋ ಕೆಲ್ಸ ನಂಗೇ ಸಾಕು, ನಿಂಗ್ಯಾಕೆ ಅಂತಾಳೆ."

ಅದು ನಿಜವೇ. ಹನುಮಕ್ಕ ದಿನಕ್ಕೆ ಎರಡು ಸಲವಾದರೂ "ಬೆಳೆ ಮುಗೀಲಿ, ಮೊದಲ್ನೇ ಬಸ್ಸಿಗೆ ಹತ್ತಿಸ್ತೀನಿ" ಎನ್ನುತ್ತಿದ್ದಳು. ಆ ಬೆಳೆಯ ಮೇಲೆ ಸುಜಾತ ಊರಲ್ಲಿ ಉಳಿಯುವುದು ನಿಂತಿತ್ತು. ನನಗೋ ಅವಳು ಅಲ್ಲೇ ಉಳಿಯಬೇಕೆಂಬ ಆಸೆ ಅವಳಿಗಿಂತ ಹೆಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ನಾನು ಆ ಹುಳು ಮನೆಯನ್ನು ಆಸ್ಪತ್ರೆಗಿಂತ ಚೊಕ್ಕಟ ಮಾಡಲು ಹೊರಟೆ. ಹನುಮಕ್ಕ ಕೈಯ ಕಟ್ಟು ತೋರಿಸಲು ಮಡಕಶಿರಾಕ್ಕೆ ಹೋಗಿದ್ದ ದಿನ ಬಕೀಟಿನಲ್ಲಿ ಸೋಪಿನ ಪುಡಿ ಕದಡಿಕೊಂಡು ಮೂಲೆ ಮೂಲೆ ತೊಳೆದೆ. ಮಡಕೆ ಅಡ್ಡ ಬಂತು. ದೇವರ ಮಡಕೆಯ ಬಾಯಿಗೆ ಧೂಳು ಕೂತಿದೆ, ಒರೆಸಿ ಇಡೋಣ ಎಂದು ಎತ್ತಿದರೆ ಒಳಗೆ ಗಲಗಲ ಎಂದಿತು. ಹುರಿ ಬಿಚ್ಚಿದೆ. ತುಂಬ ಊಜಿ ಬೀಜ.

ಊಜಿ ಎಂದರೆ ರೇಷ್ಮೆ ಸಾಕುವವರ ಯಮ. ಬೂದು ಬಣ್ಣದ ದೊಡ್ಡ ನೊಣ ಬಂದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಅಂಟಿಸುತ್ತದೆ. ಅದರ ಮರಿ ರೇಷ್ಮೆ ಹುಳುವನ್ನು ಒಳಗಿಂದ ತಿಂದು, ಮೈ ತೂತು ಮಾಡಿಕೊಂಡು ಹೊರಬಿದ್ದು ನೆಲದ ಬಿರುಕು ಸೇರಿ, ಕಂದು ಬಣ್ಣದ ಗಟ್ಟಿ ಕೋಶವಾಗುತ್ತದೆ. ಅದಕ್ಕೇ ಊರಲ್ಲಿ ಬೀಜ ಎನ್ನುವುದು. ಹತ್ತು ಹನ್ನೆರಡು ದಿನಕ್ಕೆ ಅದರಿಂದ ಮತ್ತೆ ನೊಣ. ಬೀಜ ಸಿಕ್ಕರೆ ಸೋಪಿನ ನೀರಿಗೆ ಹಾಕಿ ಕೊಲ್ಲಬೇಕು ಎಂದು ನಮಗೆ ಪಾಠ. ನಾನು ಹಿಂದೆ ಮುಂದೆ ನೋಡಲಿಲ್ಲ. ಪರದೆಯ ಚೂರಿನ ಸಮೇತ ಮಡಕೆಯನ್ನೇ ಬಕೀಟಿಗೆ ಬಗ್ಗಿಸಿದೆ. ಖಾಲಿ ಮಡಕೆಯನ್ನು ತೊಳೆದು ಗೋಡೆಯ ಮೇಲೆ ಬೋರಲು ಹಾಕಿ, ದೊಡ್ಡ ಗಂಡಾಂತರ ತಪ್ಪಿಸಿದವಳಂತೆ ಸೊಂಟಕ್ಕೆ ಕೈ ಕೊಟ್ಟು ನಿಂತೆ.

ಸೊಪ್ಪು ತಂದ ಸುಜಾತ ಗೋಡೆ ನೋಡಿ ಹೊರೆಯನ್ನು ಹಾಗೇ ಕೆಳಗೆ ಬಿಟ್ಟಳು. "ಮೇಡಮ್ಮ, ಏನ್ ಮಾಡಿದ್ರಿ? ಅದು ಅಮ್ಮನ ಕಣಜದ ಮಡಕೆ."

ಅವಳು ಪೂರ್ತಿ ಹೇಳುವುದರೊಳಗೆ ಆಟೋ ಬಂದು ನಿಂತಿತು. ಹನುಮಕ್ಕ ಇಳಿದು, ಕೊರಳಿಗೆ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಬೋರಲು ಬಿದ್ದ ಮಡಕೆಯನ್ನೇ ನೋಡುತ್ತ ಬಂದಳು. ಸುಜಾತ ಒಂದು ಹೆಜ್ಜೆ ಮುಂದೆ ಬಂದು "ನಾನೇ ಕಣಮ್ಮ ಚೆಲ್ಲಿದ್ದು. ಕಸ ಅಂದ್ಕೊಂಡೆ" ಎಂದಳು.

ನಾನು ಬಾಯಿ ತೆರೆದೆ. ಸುಜಾತ ನನ್ನ ಕಾಲನ್ನು ಮೆಟ್ಟಿದಳು. ಹನುಮಕ್ಕ ಬಕೀಟಿನ ಹತ್ತಿರ ಕೂತು, ನೊರೆಯಲ್ಲಿ ಎಡಗೈ ಆಡಿಸಿ, ಮುದ್ದೆಯಾಗಿದ್ದ ಪರದೆಯ ಚೂರನ್ನು ಹಿಂಡಿ ಎತ್ತಿಕೊಂಡಳು. ಬಹಳ ಹೊತ್ತು ಅದನ್ನೇ ನೋಡಿದಳು. "ಬೆಂಗ್ಳೂರಾಗೆ ಇದ್ದು ಇದ್ದು ಕಣ್ಣು ಓಗ್ಬುಟ್ಟವೆ ನಿಂಗೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದು ಸಂಜೆ ಹನುಮಕ್ಕನೇ ಮಡಕೆಯ ಸಂಗತಿ ಬಿಡಿಸಿ ಹೇಳಿದಳು. ಊಜಿ ಈ ಕಡೆ ಬಂದ ಹೊಸದರಲ್ಲಿ ಅವಳು ನೆಲ ಗುಡಿಸಿದ ಬೀಜವನ್ನು ಮಡಕೆಗೆ ತುಂಬಿ, ಬಾಯಿಗೆ ಪರದೆ ಕಟ್ಟಿ ಮರೆತಿದ್ದಳಂತೆ. ಆಮೇಲೆ ನೋಡಿದರೆ ನೊಣಗಳು ಹೊರಬರಲಾಗದೆ ಪರದೆಯ ಕೆಳಗೇ ಸತ್ತಿದ್ದವು. ಆದರೆ ಸಣ್ಣ ಕರಿ ಕಣಜದ ಹುಳುಗಳು ಪರದೆಯ ಕಣ್ಣಿನಿಂದ ನುಸುಳಿ ನೆಲದ ಬಿರುಕಿಗೆ ಇಳಿಯುತ್ತಿದ್ದವು. "ತಲೆ ಮ್ಯಾಗೆ ಎರಡು ಕೊಂಬು ಕಣಮ್ಮ. ಗೂಳಿ ತರ ಮಣ್ಣಿಗೆ ನುಗ್ತವೆ. ಊಜಿ ಬೀಜದಾಗೆ ತನ್ ಮೊಟ್ಟೆ ಇಕ್ತವೆ. ಆ ಬೀಜದಾಗೆ ಆಮೇಲೆ ನೊಣ ಉಟ್ಟಲ್ಲ, ಇವ್ಳೇ ಉಟ್ತಾಳೆ." ಅಂದಿನಿಂದ ಪ್ರತಿ ಬೆಳೆಯಲ್ಲೂ ಬೀಜ ಮಡಕೆಗೆ, ಕಣಜ ನೆಲಕ್ಕೆ. ನಾನು ಪುಸ್ತಕ ಓದಿ ಕಲಿತದ್ದನ್ನು ಅವಳು ನೆಲ ಗುಡಿಸಿ ಕಲಿತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಹೊರಗೆ ಬಂದಾಗ ಸುಜಾತಳನ್ನು ಕೇಳಿದೆ, ಯಾಕ ನಿನ್ನ ತಲಿ ಮ್ಯಾಲ ಹಾಕ್ಕೊಂಡಿ ಎಂದು.

"ನೀವು ಅಂತ ಗೊತ್ತಾದ್ರೆ ಊರಲ್ಲಿ ನಿಮ್ ಮಾತು ಯಾರೂ ಕೇಳಲ್ಲ. ನಾನು ಅಂದ್ರೆ ಬೈಸ್ಕೊತೀನಿ, ಅಷ್ಟೇ." ಆಮೇಲೆ ಚೂರು ನಕ್ಕಳು. "ಇನ್ನೊಂದೇನಂದ್ರೆ, ಹಾಳು ಮಾಡಿದೋಳೇ ತುಂಬಿಕೊಡ್ಬೇಕಲ್ವಾ? ಮಡಕೆ ತುಂಬೋ ತನಕ ಹೋಗಂಗಿಲ್ಲ."

ಒಳಗೆ ಹೋಗಿ ಅಮ್ಮನಿಗೂ ಅದನ್ನೇ ಹೇಳಿದಳು. "ಮಡಕೆ ತುಂಬಿಸಿಕೊಟ್ಟು ಬಸ್ ಹತ್ತೀನಿ." ಹನುಮಕ್ಕ ಬೋರಲು ಬಿದ್ದ ಮಡಕೆಯನ್ನು ಎಡಗೈಯಲ್ಲಿ ತಂದು ಮೂಲೆಗೆ ಇಟ್ಟಳು.

ನೆಲ ಕಾಯುವವಳಿಲ್ಲದ ಮನೆಯಲ್ಲಿ ನೊಣ ಎದ್ದವು. ಹೊರಗಿನಿಂದ ಒಂದೂ ಬಂದಿರಲಿಲ್ಲ, ಬಿರುಕಿನಲ್ಲಿ ಅಡಗಿದ್ದ ಬೀಜ ಒಳಗೇ ಒಡೆದು, ಸುಜಾತ ಹೊಲಿದ ಅಂಥ ಚೆಂದದ ಪರದೆಯೊಳಗೇ ಸಿಕ್ಕಿಕೊಂಡು ಸುತ್ತಿದವು. ನಾಲ್ಕನೇ ಜ್ವರ ಕಳೆದ ಹುಳುಗಳ ಮೈಮೇಲೆ ಕರಿ ಚುಕ್ಕೆ, ಊಜಿ ಹೊಕ್ಕ ಗುರುತು. ನಾನು ಆಫೀಸಿಗೆ ಓಡಿ ಕಣಜದ ಪೊಟ್ಟಣ ತಂದೆ. ಅವು ಬೇರೆ ಜಾತಿ. ಸಾಸಿವೆಗಿಂತ ಸಣ್ಣವು, ಒಂದು ಬೀಜದಿಂದ ಹತ್ತಾರು ಹುಟ್ಟುತ್ತವೆ. ಬಿಸಿಲು ತಾಗದಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಕಂಡಕ್ಟರ್ "ಏಂಟಮ್ಮಾ ಅದಿ?" ಎಂದು ಪೊಟ್ಟಣ ತೋರಿಸಿ ಕೇಳಿದ. ನೊಣ ಕೊಲ್ಲುವ ನೊಣ ಎಂದು ತೆಲುಗಿನಲ್ಲಿ ಹೇಳಿದೆ. ಪಕ್ಕದ ಸೀಟಿನವಳು ಎದ್ದು ಹಿಂದೆ ಹೋಗಿ ಕೂತಳು.

ಆ ಬೆಳೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹುಳು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟಿದವು. ಉಳಿದದ್ದು ಹೋಯಿತು. ಒಳ್ಳೆಯ ಬೆಳೆ ಎಂದು ಯಾರ ಮುಂದೆಯೂ ಹೇಳುವಂತಿರಲಿಲ್ಲ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಸುಜಾತ ಮಾತ್ರ ಡಬ್ಬಿ ಹಿಡಿದು ಊರ ಮನೆಮನೆಗೂ ಹೊರಟಳು.

"ನಿಮ್ಮನೇಲಿ ಊಜಿ ಬೀಜ ಇದ್ರೆ ಕೊಡಕ್ಕಾ."

ಬೀಗರ ಮನೆಯಿಂದ ಹೆಣ್ಣು ಕೇಳಲು ಬಂದವಳಂತೆ ಜಗಲಿಯ ಮೇಲೆ ಕೂತು, ನೀರು ಕುಡಿದು, ಯೋಗಕ್ಷೇಮ ವಿಚಾರಿಸಿ ಆಮೇಲೆ ಕೇಳುತ್ತಿದ್ದಳು. ಹುಚ್ಚು ಹಿಡಿಯಿತು ಪಾಪ ಎಂದು ಕೆಲವರು ಮರುಗಿದರು. ಆದರೂ ಎಲ್ಲರೂ ಗುಡಿಸಿ ಕೊಟ್ಟರು. ಊರ ಕೊನೆಯ ಪಾಳು ಹುಳು ಮನೆಯೊಂದರ ಬಿರುಕಿನಲ್ಲಿ ಕೊಂಬಿನವಳ ಗುಂಪೇ ಸಿಕ್ಕಿತು. ಭೂತಗನ್ನಡಿಯಲ್ಲಿ ಅವತ್ತು ಮೊದಲ ಸಲ ಅವಳ ಮುಖ ನೋಡಿದೆ. ನಿಜವಾಗಿಯೂ ಎರಡು ಕೊಂಬು, ದಪ್ಪ ತೊಡೆ, ಏನೋ ಮರೆತು ಹುಡುಕುತ್ತಿರುವ ಗತ್ತು. ಹನುಮಕ್ಕನ ನಡಿಗೆಯೇ. ಅದನ್ನು ಬಾಯಿ ಬಿಟ್ಟು ಹೇಳಿ ಬೈಸಿಕೊಂಡೆ.

ಮಡಕೆಗೆ ಬೀಜ ಬಿತ್ತು, ಕೊಂಬಿನವರು ಬಿದ್ದರು, ಸುಜಾತ ಹೊಸ ಪರದೆಗೆ ಅಂಚು ಮಡಿಚಿ ಹೊಲಿದು ಕಟ್ಟಿದಳು. ನಾನು ಸುಮ್ಮನಿರಬಾರದೇ? ಪಾಪಪ್ರಜ್ಞೆ ಎನ್ನುವುದು ಕೈ ಸುಮ್ಮನಿರಲು ಬಿಡುವುದಿಲ್ಲ. ಎರಡು ಜಾತಿ ಇದ್ದರೆ ಎರಡು ಪಟ್ಟು ಕೆಲಸ ಎಂದು ಆಫೀಸಿನ ಒಂದು ಪೊಟ್ಟಣವನ್ನೂ ಅದೇ ಮಡಕೆಗೆ ಬಿಚ್ಚಿ ಸುರಿದೆ. ಕೆಲವು ವಾರ ಕಾದೆವು. ಪರದೆಯ ಕಣ್ಣಿನಿಂದ ಹೊರಬಂದದ್ದು ಬರೀ ಸಾಸಿವೆಯಂಥವು, ಮುತ್ತಿಗೆ ಹಾಕಿದಂತೆ. ಕೊಂಬಿನವರು ಮೂರೋ ನಾಲ್ಕೋ. ಬೀಜ ಒಡೆದು ನೋಡಿದೆವು. ಒಂದರೊಳಗೆ ಅರೆಬೆಳೆದ ಕೊಂಬಿನ ಮರಿ ಸತ್ತು ಒಣಗಿತ್ತು, ಸುತ್ತ ಸಣ್ಣವರ ಖಾಲಿ ಸಿಪ್ಪೆ. ಇಬ್ಬರು ತಾಯಂದಿರೂ ಅದೇ ಬೀಜಕ್ಕೆ ಮೊಟ್ಟೆ ಇಟ್ಟಿದ್ದರು. ಇರುವ ತುತ್ತು ಒಬ್ಬರಿಗೆ ಸಾಲುವಷ್ಟು. ಬೇಗ ಬೆಳೆಯುವ ಸಣ್ಣವರ ಸಂತೆ ಗೆದ್ದಿತು, ಒಂಟಿ ಮರಿ ಸೋತಿತು. ನನಗೆ ಅದರ ಮೇಲೆ ಎಷ್ಟು ಕನಿಕರ ಬಂತೆಂದರೆ ಕಣ್ಣಲ್ಲಿ ನೀರೇ ಬಂತು.

ಸುಜಾತ ಆ ಸಿಪ್ಪೆಯನ್ನು ಅಂಗೈ ಮೇಲೆ ಹೊರಳಿಸುತ್ತ ಹೇಳಿದಳು. "ನಮ್ ಲೈನಲ್ಲೂ ಇದೇ ಮೇಡಮ್ಮ. ಒಂದು ಪೀಸಿಗೆ ಇಬ್ರು ಕೈ ಹಾಕಿದ್ರೆ ಪೀಸೂ ಹಾಳು, ಜಗಳಾನೂ ಆಗ್ತದೆ. ಕಾಲರ್‌ನೋರು ಕಾಲರ್ ಹೊಲೀಬೇಕು, ತೋಳಿನೋರು ತೋಳು. ಇವ್ರನ್ನೂ ಹಂಗೆ ಕೂರಿಸ್ಬೇಕು."

ಹಾಗೇ ಕೂರಿಸಿದಳು. ಸಣ್ಣವರ ಪೊಟ್ಟಣ ಮೇಲೆ, ತಟ್ಟೆ ಚಂದ್ರಿಕೆಗಳ ಹತ್ತಿರ, ಬಯಲಲ್ಲಿ ಬಿದ್ದ ಬೀಜಕ್ಕೆ. ಕೊಂಬಿನವರ ಮಡಕೆ ಕೆಳಗೆ, ಬಿರುಕಿನ ಬಾಯಲ್ಲಿ. ಬಿರುಕಿಗೆ ಸಣ್ಣವರು ಹೆಚ್ಚು ಇಳಿಯುವುದಿಲ್ಲ, ಮೇಲಿನದು ಕೊಂಬಿನವರಿಗೆ ಬೇಕಿಲ್ಲ. ಮಡಕೆಗೆ ಮತ್ತೆ ಮೊದಲಿನಿಂದ ಬೀಜ ಕೂಡಿಸಬೇಕಾಯಿತು. ನನ್ನ ಎರಡನೇ ತಪ್ಪಿನಿಂದ ಅವಳಿಗೆ ಇನ್ನಷ್ಟು ದಿನ ಸಿಕ್ಕಿದವು.

ಅಷ್ಟರಲ್ಲಿ ರಜೆ ಮುಗಿಯುತ್ತ ಬಂದಿತ್ತು. ಬೆಂಗಳೂರಿನ ರೂಮಿನ ಗೆಳತಿ ಫೋನು ಮಾಡಿ, ಬರುವ ಸೋಮವಾರ ಬರದಿದ್ದರೆ ಅಷ್ಟೇ ಎಂದಳು. ಆ ಸೋಮವಾರ ನಸುಕಿನಲ್ಲಿ ನಾನೂ ಬಸ್ಸಿನ ಕಟ್ಟೆಗೆ ಹೋಗಿದ್ದೆ, ನೋಡದೆ ಇರಲಾರದೆ. ಹನುಮಕ್ಕ ಹುರಿದ ಕಡಲೆಕಾಯಿ ಬೀಜದ ಗಂಟು ಹಿಡಿದು ನಿಂತಿದ್ದಳು. ಸುಜಾತ ಬರಿಗೈಯಲ್ಲಿ ಬಂದು ಪಕ್ಕ ನಿಂತಳು. ಬಸ್ಸು ಬಂತು. ಕಿಟಕಿಯಿಂದ ಹುಡುಗಿಯರು ಕೈ ಬೀಸಿ ಕರೆದರು.

"ಹತ್ತೇ" ಎಂದಳು ಹನುಮಕ್ಕ.

"ಮಡಕೆ ತುಂಬಿಲ್ಲ ಕಣಮ್ಮ."

"ನಿನ್ ಮಡ್ಕೆಗಿಷ್ಟು ಬೆಂಕಿ ಆಕ."

ಬೈದಳೇ ಹೊರತು ಮಗಳ ಬೆನ್ನಿಗೆ ಕೈ ಹಚ್ಚಿ ತಳ್ಳಲಿಲ್ಲ. ಬಸ್ಸು ಹೋಯಿತು. ಧೂಳು ಕೂರುವ ತನಕ ಮೂವರೂ ನಿಂತೆವು. ಆಮೇಲೆ ಹನುಮಕ್ಕ ಗಂಟು ಬಿಚ್ಚಿ ಕಡಲೆಕಾಯಿ ಬೀಜವನ್ನು ನನ್ನ ಸೆರಗಿಗೆ ಸುರಿದಳು. "ತಿನ್ನು, ಇನ್ಯಾರು ತಿಂತಾರೆ" ಎಂದಳು.

ಮುಂದಿನ ಬೆಳೆ ಅಡ್ಡಿಯಿಲ್ಲದೆ ಬಂತು. ಹಣ್ಣಾದ ಹುಳುಗಳು ಬೆಳಕಿಗೆ ಹಿಡಿದರೆ ಸಣ್ಣ ಮೊಂಬತ್ತಿಯ ಹಾಗೆ ಹೊಳೆಯುತ್ತಿದ್ದವು. ಹಿಂದೂಪುರದ ಮಾರ್ಕೆಟ್ಟಿಗೆ ಗೂಡು ಹೋದ ದಿನ ಸುಜಾತ ಫ್ಯಾಕ್ಟರಿಯ ಐಡಿ ಕಾರ್ಡಿನ ದಾರ ಬಿಚ್ಚಿ, ಅದರಿಂದಲೇ ಮಡಕೆಯ ಬಾಯಿ ಕಟ್ಟಿದಳು. ನನ್ನ ಕಾಂಟ್ರಾಕ್ಟ್ ಮುಗಿದು ಬೇರೆ ಕಡೆಗೆ ಹಾಕಿದರು. ಹೊರಡುವ ದಿನ ಹನುಮಕ್ಕನಿಗೆ ನಿಜ ಹೇಳಿಬಿಡಬೇಕೆಂದು ಮೂರು ಸಲ ಗಂಟಲಿಗೆ ತಂದುಕೊಂಡೆ, ಮೂರು ಸಲ ನುಂಗಿದೆ.

ಹೋದ ತಿಂಗಳು ಹೋದಾಗ ಹೆಂಚಿನ ಮನೆಯ ಪಕ್ಕ ಉದ್ದನೆಯ ಹೊಸ ಹುಳು ಮನೆ ಎದ್ದಿತ್ತು. ಸುಜಾತಳ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಅಗಳಿಯಲ್ಲಿ ಆಟೋ ಓಡಿಸುವವನನ್ನು ಮದುವೆಯಾಗಿ, ಅವನನ್ನೇ ಈ ಮನೆಗೆ ಕರೆದುಕೊಂಡಿದ್ದಾಳೆ. ನೆಲದ ಮೇಲೆ ಸಾಲಾಗಿ ಐದು ಮಡಕೆ, ಬಾಯಿಗೆ ಅಂಚು ಹೊಲಿದ ಪರದೆ. ಮೂಲೆಯಲ್ಲಿ ಆ ಹಳೆಯದೂ ಇತ್ತು, ಬಣ್ಣ ಹೋದ ಐಡಿ ಕಾರ್ಡಿನ ದಾರದ ಸಮೇತ.

"ಇನ್ನೂ ತುಂಬಿಲ್ಲೇನ ಅದು?" ಎಂದೆ.

"ಎಲ್ಲಿ ತುಂಬ್ತದೆ ಮೇಡಮ್ಮ. ಈ ಕಡೆ ಹಾಕ್ತೀನಿ, ಆ ಕಡೆ ಹಾರಿ ಹೋಗ್ತವೆ. ತುಂಬಿದ್ ದಿನ ಬಸ್ ಹತ್ತೀನಿ ಅಂತ ಅಮ್ಮಂಗೆ ಈಗ್ಲೂ ಹೇಳ್ತಿರ್ತೀನಿ" ಎಂದು ನಕ್ಕು ಸೊಪ್ಪಿನ ಹೊರೆ ತರಲು ತೋಟಕ್ಕೆ ಇಳಿದಳು.

ಹನುಮಕ್ಕ ಜಗಲಿಯ ಮೇಲೆ ಚಂದ್ರಿಕೆಯಿಂದ ಗೂಡು ಬಿಡಿಸುತ್ತ ಕೂತಿದ್ದಳು. ಬಲಗೈ ಮಣಿಕಟ್ಟು ಇನ್ನೂ ಸ್ವಲ್ಪ ಸೊಟ್ಟ. ನಾನು ಪಕ್ಕದಲ್ಲಿ ಕೂತು, ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಹನುಮಕ್ಕಾ, ಅವತ್ತು ಮಡಕಿ ಚೆಲ್ಲಿದಾಕಿ ಸುಜಾತ ಅಲ್ಲರಿ. ನಾನು. ತಪ್ಪಾತ್ರಿ ನನ್ನಿಂದ."

ಹನುಮಕ್ಕನ ಕೈ ನಿಲ್ಲಲಿಲ್ಲ. "ಆ ಪರದೆ ಚೂರು ಬಕೀಟಾಗೆ ಮುದ್ದೆ ಆಗಿ ಬಿದ್ದಿತ್ತಲ್ಲ. ನನ್ ಮಗ್ಳು ಬೆಂಕಿ ಬಿದ್ ಮನೆಯಿಂದ ಓಡೋವಾಗ್ಲೂ ಬಟ್ಟೆ ಮಡಿಚಿಟ್ಟು ಓಡೋಳು. ಅವತ್ತೇ ಗೊತ್ತಾಯ್ತು."

"ಮತ್ತ ಇಷ್ಟು ವರ್ಷ ಆಕಿ ಮುಂದ ಯಾಕ ಹೇಳಲಿಲ್ರಿ? ಆಕಿದೇನೂ ತಪ್ಪಿಲ್ಲಂತ?"

ನನ್ನ ದನಿ ಏರಿತ್ತೆಂದು ಕಾಣುತ್ತದೆ. ಹನುಮಕ್ಕ ಗಾಬರಿಯಿಂದ ತೋಟದ ಕಡೆ ನೋಡಿದಳು. ಹೊರೆ ಹೊತ್ತ ಸುಜಾತ ಬದುವಿನ ಮೇಲೆ ಬರುತ್ತಿದ್ದಳು. ಹನುಮಕ್ಕ ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಜನ್ಮದಲ್ಲಿ ಮೊದಲ ಸಲ ನನ್ನಂತೆಯೇ ರೀ ಹಚ್ಚಿ ಮಾತಾಡಿದಳು.

"ಮೆಲ್ಲಕೆ ಮಾತಾಡ್ರೀ ಮೇಡಮ್ಮ. ಅವ್ಳಿಗೆ ಕೇಳ್ಸಿದ್ರೆ ಮಡ್ಕೆ ತುಂಬೋಗ್ತದೆ."